ಎಜ್ರಾ ಬೆನ್ಸನ್: ಕಣಜವೂ ಕಾಲಜ್ಞಾನವೂ

ಅರವತ್ತರ ದಶಕದಲ್ಲಿ ಹಳೆಯ ಮೈಸೂರು ಸೀಮೆಯಲ್ಲಿ ಬಾಲ್ಯ ಕಳೆದ ನನ್ನಂಥವರಿಗೆ ಪಿಎಲ್ 480 ಎಂಬುದು ಒಂದು ಕಾಯ್ದೆಯ ಹೆಸರೆಂದು ತಿಳಿದದ್ದು ಬಹಳ ತಡವಾಗಿ. ನಮ್ಮ ಪಾಲಿಗೆ ಅದು ಪಡಿತರ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ತರುತ್ತಿದ್ದ ಕೆಂಪು ಗೋಧಿಯ ಹೆಸರು. ಮುದ್ದೆಗೂ ಅನ್ನಕ್ಕೂ ಒಗ್ಗಿಹೋಗಿದ್ದ ಮನೆಗಳಲ್ಲಿ ಆ ಗೋಧಿಯನ್ನು ಏನು ಮಾಡಬೇಕೆಂದು ತೋಚದೆ ತಾಯಂದಿರು ಗೊಣಗುತ್ತಿದ್ದರು. ಗೊಣಗುತ್ತಲೇ ನುಚ್ಚು ಒಡೆಸಿ ಬೇಯಿಸಿ ಬಡಿಸುತ್ತಿದ್ದರು. ಆ ಗೋಧಿಗೆ ಸಮುದ್ರ ದಾಟಲು ದಾರಿ ಮಾಡಿಕೊಟ್ಟ ಕಾಯ್ದೆ 1954ರ ಜುಲೈನಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಾಗ ಅಲ್ಲಿನ ಕೃಷಿ ಸಚಿವರಾಗಿದ್ದವರು ಎಜ್ರಾ ಟಾಫ್ಟ್ ಬೆನ್ಸನ್. ಸಚಿವರಾಗಿದ್ದಾಗಲೇ ಅವರು ಮಾರ್ಮನ್ ಚರ್ಚಿನ ಹನ್ನೆರಡು ಮಂದಿ ಅಪೊಸ್ತಲರಲ್ಲಿ ಒಬ್ಬರೂ ಆಗಿದ್ದರು. ಮುಂದೆ ಅದರ ಅಧ್ಯಕ್ಷರಾಗಿ, ಅನುಯಾಯಿಗಳ ದೃಷ್ಟಿಯಲ್ಲಿ ಪ್ರವಾದಿಯಾಗಿ, 1994ರಲ್ಲಿ ತೀರಿಕೊಂಡರು.

ಈ ವ್ಯಕ್ತಿಯ ಬದುಕಿನಲ್ಲಿ ನನಗೆ ಆಸಕ್ತಿ ಹುಟ್ಟಿದ್ದಕ್ಕೆ 2010ರ ಒಂದು ಪ್ರವಾಸ ಕಾರಣ. ಯೂಟಾ ರಾಜ್ಯದಲ್ಲಿ ಮಾರ್ಮನ್ ಕುಟುಂಬವೊಂದು ನನಗೆ ಎರಡು ದಿನ ಆತಿಥ್ಯ ನೀಡಿತ್ತು. ಮನೆಯೊಡತಿ ನನ್ನನ್ನು ನೆಲಮಾಳಿಗೆಗೆ ಕರೆದೊಯ್ದರು. ಗೋಡೆಯುದ್ದಕ್ಕೂ ಗೋಧಿ, ಕಾಳು, ಸಕ್ಕರೆ, ಉಪ್ಪು, ಹಾಲಿನ ಪುಡಿ ತುಂಬಿ ಭದ್ರಪಡಿಸಿದ ಡಬ್ಬಗಳು. ಮನೆಮಂದಿಗೆಲ್ಲ ಒಂದು ವರ್ಷಕ್ಕೆ ಸಾಲುವಷ್ಟು. ನಮ್ಮೂರಿನ ರಾಗಿಯ ಹಗೇವು ನೆನಪಾಗಿ ನನಗೆ ಸಂತೋಷವೇ ಆಯಿತು. ಅದೇ ಸಂಜೆ ಮೇಲಿನ ಕೋಣೆಯಲ್ಲಿ ಮನೆಯ ಹಿರಿಯರು ಟಿ.ವಿ.ಯ ಮುಂದೆ ಕುಳಿತಿದ್ದರು. ಗ್ಲೆನ್ ಬೆಕ್ ಎಂಬ ವ್ಯಾಖ್ಯಾನಕಾರ ಕಪ್ಪುಹಲಗೆಯ ಮೇಲೆ ಗೆರೆ ಎಳೆಯುತ್ತ, ದೇಶವನ್ನು ಒಳಗಿನಿಂದಲೇ ಕೆಡವಲು ಹೊರಟವರ ಜಾಲವನ್ನು ವಿವರಿಸುತ್ತಿದ್ದರು. ನೆಲಮಾಳಿಗೆಯ ಗೋಧಿಗೂ ಮೇಲಿನ ಕೋಣೆಯ ಭಯಕ್ಕೂ ಒಂದೇ ಬೇರು ಇರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ಬೆನ್ಸನ್ನರ ಜೀವನವನ್ನು ಓದುತ್ತ ಹೋದಂತೆ ಅದು ಅರಿವಾಯಿತು.

ಮೊದಲು ಆ ಪಂಥದ ನಂಬಿಕೆಯ ಬಗ್ಗೆ ಎರಡು ಮಾತು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಈ ಚರ್ಚಿನ ಪೂರ್ಣ ಹೆಸರಿನಲ್ಲೇ ಅದರ ಅನುಯಾಯಿಗಳು ಕಡೆಯ ದಿನಗಳ ಸಂತರು. ಕ್ರಿಸ್ತನ ಪುನರಾಗಮನ ಹತ್ತಿರವಿದೆ, ಅದಕ್ಕೂ ಮುನ್ನ ಯುದ್ಧ, ಬರ, ರೋಗರುಜಿನಗಳು ಬರುತ್ತವೆ, ಆಮೇಲೆ ಸಾವಿರ ವರ್ಷಗಳ ಶಾಂತಿಯ ಆಳ್ವಿಕೆ ಎಂಬುದು ಅವರ ಶ್ರದ್ಧೆ. ಇದಿಷ್ಟೇ ಆಗಿದ್ದರೆ ಇತರ ಅನೇಕ ಕ್ರೈಸ್ತ ಪಂಥಗಳಿಂದ ಅದು ಹೆಚ್ಚು ಬೇರೆಯೆನಿಸುತ್ತಿರಲಿಲ್ಲ. ಆದರೆ ಇವರ ಅಂತ್ಯಕಾಲದ ಕಥೆಯಲ್ಲಿ ಅಮೆರಿಕಕ್ಕೇ ಮುಖ್ಯ ಪಾತ್ರವಿದೆ. ಹೊಸ ಜೆರುಸಲೇಮ್ ತಲೆಯೆತ್ತುವುದು ಮಿಸೌರಿ ರಾಜ್ಯದಲ್ಲಿ. ಅಮೆರಿಕದ ಸಂವಿಧಾನವನ್ನು ರಚಿಸಿದ ಜ್ಞಾನಿಗಳನ್ನು ದೇವರೇ ಆ ಕಾರ್ಯಕ್ಕಾಗಿ ಎಬ್ಬಿಸಿದನೆಂದು ಅವರ ಧರ್ಮಗ್ರಂಥ ಹೇಳುತ್ತದೆ. ಆ ಸಂವಿಧಾನ ಒಂದು ದಿನ ಬೀಳುವ ಸ್ಥಿತಿಗೆ ಬಂದಾಗ ಸಂತರೇ ಅದನ್ನು ಎತ್ತಿಹಿಡಿಯುತ್ತಾರೆ ಎಂಬ ಮಾತು ಸ್ಮಿತ್ ಅವರ ಹೆಸರಿನಲ್ಲಿ ತಲೆಮಾರುಗಳಿಂದ ಸಾಗಿಬಂದಿದೆ. ಬಿಳಿ ಕುದುರೆಯ ಭವಿಷ್ಯವಾಣಿ ಎಂದು ಅದರ ವಿಸ್ತೃತ ರೂಪವೊಂದು ಪ್ರಚಾರಕ್ಕೆ ಬಂದಾಗ ಚರ್ಚಿನ ಅಂದಿನ ಅಧ್ಯಕ್ಷರು 1918ರಲ್ಲಿ ಅದು ಸುಳ್ಳೆಂದು ಸಾರಿದರು. ಆದರೂ ಅದು ಜನರ ಬಾಯಲ್ಲಿ ಉಳಿಯಿತು. ಕಾಲಜ್ಞಾನದ ವಚನಗಳು ಮಠದ ಒಪ್ಪಿಗೆಗೆ ಕಾಯದೆ ಊರೂರು ತಿರುಗುವುದನ್ನು ಕಂಡಿರುವ ನಮಗೆ ಇದು ಆಶ್ಚರ್ಯವೆನಿಸದು.

ಇನ್ನೊಂದು ಸಂಗತಿಯೂ ಇದೆ. 1830ರಲ್ಲೇ ಅಚ್ಚಾದ ಮಾರ್ಮನ್ ಗ್ರಂಥದಲ್ಲಿ ಪ್ರಾಚೀನ ಅಮೆರಿಕದ ಜನಾಂಗಗಳು ರಹಸ್ಯ ಕೂಟಗಳ ಒಳಸಂಚಿನಿಂದ ನಾಶವಾಗುವ ಕಥೆ ಬರುತ್ತದೆ. ಅಂಥ ಕೂಟಗಳು ನಿಮ್ಮ ನಡುವೆಯೂ ಎದ್ದಾವು, ಎಚ್ಚರವಾಗಿರಿ ಎಂದು ಕಡೆಯ ದಿನಗಳ ಓದುಗರಿಗೆ ಆ ಗ್ರಂಥ ಬುದ್ಧಿ ಹೇಳುತ್ತದೆ. ಪಿತೂರಿಯ ಶಂಕೆ ಹೀಗೆ ಧಾರ್ಮಿಕ ಕರ್ತವ್ಯದ ರೂಪ ಪಡೆಯಲು ಅವಕಾಶವಾಯಿತು.

ಬೆನ್ಸನ್ ಹುಟ್ಟಿದ್ದು 1899ರ ಆಗಸ್ಟ್ 4ರಂದು, ಐಡಾಹೊ ರಾಜ್ಯದ ವಿಟ್ನಿ ಎಂಬ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಹಿರಿಯರಾಗಿ. ಅವರ ಮುತ್ತಾತ ಚರ್ಚಿನ ಮೊದಲ ತಲೆಮಾರಿನ ಅಪೊಸ್ತಲರಲ್ಲಿ ಒಬ್ಬರು. ಹೊಲದಲ್ಲಿ ದುಡಿದು ಬೆಳೆದ ಬೆನ್ಸನ್ ಕೃಷಿ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಜಿಲ್ಲಾ ಕೃಷಿ ಸಲಹೆಗಾರರಾಗಿ ರೈತರ ನಡುವೆ ಓಡಾಡಿದರು. 1939ರಲ್ಲಿ ರೈತ ಸಹಕಾರ ಸಂಘಗಳ ರಾಷ್ಟ್ರೀಯ ಮಂಡಳಿಯ ಕಾರ್ಯದರ್ಶಿಯಾಗಿ ವಾಷಿಂಗ್ಟನ್ ಸೇರಿದರು. 1943ರಲ್ಲಿ ಚರ್ಚು ಅವರನ್ನು ಅಪೊಸ್ತಲ ಪದವಿಗೆ ಕರೆಯಿತು.

ಅವರ ಜೀವನದ ಅತ್ಯಂತ ಉಜ್ವಲ ಅಧ್ಯಾಯ 1946ರದು. ಮಹಾಯುದ್ಧ ಮುಗಿದು ಯೂರೋಪ್ ಅವಶೇಷವಾಗಿದ್ದ ಆ ವರ್ಷ, ಪತ್ನಿ ಫ್ಲೋರಾ ಮತ್ತು ಆರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬೆನ್ಸನ್ ಅಲ್ಲಿಗೆ ತೆರಳಿದರು. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1936ರಲ್ಲಿ ಚರ್ಚು ಆರಂಭಿಸಿದ್ದ ಕಲ್ಯಾಣ ಯೋಜನೆಯಡಿ ಕೂಡಿಟ್ಟಿದ್ದ ಆಹಾರ, ಬಟ್ಟೆ, ಹಾಸಿಗೆ, ಹೊದಿಕೆಗಳು ಹಡಗೇರಿ ಬಂದವು. ಅವನ್ನು ಹಂಚಲು ಅವರು ಬಾಂಬಿಗೆ ಸಿಕ್ಕಿ ಕುಸಿದ ಊರುಗಳಲ್ಲಿ, ಬಿಸಿಯಿಲ್ಲದ ರೈಲುಗಳಲ್ಲಿ ಹನ್ನೊಂದು ತಿಂಗಳು ಅಲೆದರು. ಹಿಂದಿನ ವರ್ಷದವರೆಗೆ ಶತ್ರುರಾಷ್ಟ್ರವಾಗಿದ್ದ ಜರ್ಮನಿಗೂ ಹೋದರು, ಪೋಲೆಂಡಿಗೂ ಹೋದರು. ಕಡೆಯ ದಿನಗಳಿಗೆಂದು ಕೂಡಿಟ್ಟ ಗೋಧಿ ಅಂದು ಹಸಿದವರ ಹೊಟ್ಟೆ ಸೇರಿತು. ಕೆಟ್ಟ ಕಾಲ ಬರುತ್ತದೆಂಬ ನಂಬಿಕೆಯಿಂದ ಲೋಕಕ್ಕೆ ಇಂಥದ್ದೊಂದು ಉಪಕಾರವೂ ಆಗಬಲ್ಲದು ಎಂಬುದನ್ನು ನಾವು ಮರೆಯಬಾರದು.

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಕೃಷಿ ಸಚಿವರನ್ನಾಗಿ ನೇಮಿಸಿದರು. ಚರ್ಚಿನ ಅಧ್ಯಕ್ಷ ಡೇವಿಡ್ ಮೆಕೇ ಒಪ್ಪಿಗೆ ನೀಡಿದರು. ಅಲ್ಲಿ ಬೆನ್ಸನ್‌ಗೆ ಎದುರಾದ ಸಮಸ್ಯೆ ವಿಚಿತ್ರವಾದದ್ದು. ಮನೆಮನೆಯಲ್ಲೂ ಧಾನ್ಯ ಕೂಡಿಡಬೇಕೆಂದು ಬೋಧಿಸುವ ಪಂಥದ ಅಪೊಸ್ತಲರಿಗೆ ಸರ್ಕಾರ ಕೂಡಿಟ್ಟ ಧಾನ್ಯವೇ ತಲೆನೋವಾಯಿತು! ಬೆಂಬಲ ಬೆಲೆಯ ಆಸರೆಯಲ್ಲಿ ರೈತರು ಬೆಳೆದರು, ಸರ್ಕಾರ ಕೊಂಡಿತು, ಉಗ್ರಾಣಗಳು ತುಂಬಿದವು. ಮೂಲೆಗೆ ಬಿದ್ದಿದ್ದ ಯುದ್ಧಕಾಲದ ಹಡಗುಗಳಲ್ಲೂ ಗೋಧಿ ಸುರಿಯಬೇಕಾಯಿತು. ಬೆಂಬಲ ಬೆಲೆಯನ್ನು ತಗ್ಗಿಸಬೇಕು, ರೈತ ಸರ್ಕಾರದ ಹಂಗಿನಿಂದ ಹೊರಬರಬೇಕು ಎಂದು ಅವರು ಹಟ ಹಿಡಿದರು. ಸಿಟ್ಟಿಗೆದ್ದ ರೈತರು 1957ರಲ್ಲಿ ಸೌತ್ ಡಕೋಟದ ಸಭೆಯೊಂದರಲ್ಲಿ ಅವರತ್ತ ಮೊಟ್ಟೆ ಎಸೆದರು. ಸ್ವಪಕ್ಷದವರೇ ರಾಜೀನಾಮೆ ಕೇಳಿದರು. ಐಸೆನ್‌ಹೋವರ್ ಮಾತ್ರ ಕೈಬಿಡಲಿಲ್ಲ. ಎಂಟೂ ವರ್ಷ ಸಂಪುಟದಲ್ಲಿ ಉಳಿದ ಇಬ್ಬರಲ್ಲಿ ಬೆನ್ಸನ್ ಒಬ್ಬರು. ಹೆಚ್ಚುವರಿ ಧಾನ್ಯವನ್ನು ಸಾಗಹಾಕುವ ದಾರಿಗಳಲ್ಲಿ ಪಿಎಲ್ 480 ಪ್ರಮುಖವಾಯಿತು. ಭಾರತ 1956ರಲ್ಲಿ ಮೊದಲ ಒಪ್ಪಂದಕ್ಕೆ ಸಹಿ ಹಾಕಿತು. 1960ರ ಮೇ ತಿಂಗಳಲ್ಲಿ ನಮ್ಮ ಆಹಾರ ಸಚಿವ ಎಸ್.ಕೆ. ಪಾಟೀಲರು ವಾಷಿಂಗ್ಟನ್ನಿನಲ್ಲಿ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಯ ಒಪ್ಪಂದ ಮಾಡಿಕೊಂಡರು. ನಮ್ಮ ಪಡಿತರ ಅಂಗಡಿಯ ಸಾಲಿಗೂ ಐಡಾಹೊದ ಈ ರೈತನ ಮಗನಿಗೂ ಇರುವ ನಂಟು ಇದು.

ಸಚಿವ ಪದವಿಯ ಕೊನೆಯ ವರ್ಷಗಳಲ್ಲಿ ಅವರ ಮನಸ್ಸು ಮತ್ತೊಂದು ದಿಕ್ಕಿಗೆ ಹೊರಳಿತ್ತು. 1959ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಬಂದ ಸೋವಿಯತ್ ನಾಯಕ ಕ್ರುಶ್ಚೇವ್ ಅವರಿಗೆ ಕೃಷಿ ಸಂಶೋಧನಾ ಕೇಂದ್ರವನ್ನು ತೋರಿಸುವ ಹೊಣೆ ಬೆನ್ಸನ್‌ರದಾಗಿತ್ತು. ನಿಮ್ಮ ಮೊಮ್ಮಕ್ಕಳು ಕಮ್ಯುನಿಸಂ ಅಡಿಯಲ್ಲಿ ಬಾಳುತ್ತಾರೆಂದು ಆ ಅತಿಥಿ ತಮಗೆ ಹೇಳಿದರೆಂದು ಬೆನ್ಸನ್ ಮುಂದೆ ಭಾಷಣಗಳಲ್ಲಿ ನೆನೆಯುತ್ತಿದ್ದರು. ಕೆಲವೇ ದಿನಗಳ ಬಳಿಕ ಅವರು ಮಾಸ್ಕೋಗೆ ಹೋದಾಗ ಅಲ್ಲಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮಾತನಾಡುವ ಅವಕಾಶ ಸಿಕ್ಕಿತು. ಕಿಕ್ಕಿರಿದ ಮುದುಕ ಮುದುಕಿಯರು ಅಳುತ್ತ ಕೇಳಿದರು. ದೇವರನ್ನು ನಿಷೇಧಿಸಿದ ಆಳ್ವಿಕೆಯ ಕ್ರೌರ್ಯವನ್ನು ಅವರು ಕಣ್ಣಾರೆ ಕಂಡಿದ್ದರು. ಆ ಭಯ ಪೂರ್ತಿ ಕಲ್ಪಿತವೇನಲ್ಲ.

ಆದರೆ ತವರಿಗೆ ಮರಳಿದ ಮೇಲೆ ಅವರು ಅದೇ ಭಯದ ಕನ್ನಡಕದಲ್ಲಿ ನೆರೆಹೊರೆಯನ್ನೂ ನೋಡತೊಡಗಿದರು. ಸೃಷ್ಟಿಗೂ ಮುನ್ನ ಸ್ವರ್ಗದಲ್ಲಿ ಸೈತಾನನು ಮನುಷ್ಯರ ಸ್ವಾತಂತ್ರ್ಯವನ್ನು ಕಸಿಯಲು ಯತ್ನಿಸಿ ಸೋತನೆಂದು ಮಾರ್ಮನ್ನರು ನಂಬುತ್ತಾರೆ. ಕಮ್ಯುನಿಸಂ ಅದೇ ಯುದ್ಧದ ಮುಂದುವರಿಕೆ ಎಂದರು ಬೆನ್ಸನ್. ಸರ್ಕಾರದ ಕಲ್ಯಾಣ ಕಾರ್ಯಕ್ರಮಗಳು ಅದರ ಮೊದಲ ಮೆಟ್ಟಿಲೆಂದರು. 1958ರಲ್ಲಿ ಹುಟ್ಟಿದ ಜಾನ್ ಬರ್ಚ್ ಸೊಸೈಟಿ ಎಂಬ ಉಗ್ರ ಬಲಪಂಥೀಯ ಸಂಘವನ್ನು ಬಹಿರಂಗವಾಗಿ ಹೊಗಳಿದರು. ಅವರ ಹಿರಿಯ ಮಗ ಅದರ ಪದಾಧಿಕಾರಿಯಾದರು. ಆ ಸಂಘದ ಸ್ಥಾಪಕ ರಾಬರ್ಟ್ ವೆಲ್ಚ್, ಐಸೆನ್‌ಹೋವರ್ ಅವರೇ ಕಮ್ಯುನಿಸ್ಟ್ ಪಿತೂರಿಯ ಕೈಗೊಂಬೆಯೆಂದು ಬರೆದಿದ್ದ ವ್ಯಕ್ತಿ. ಎಂಟು ವರ್ಷ ತಮ್ಮನ್ನು ಕಾಪಾಡಿದ ಧಣಿಯ ಮೇಲೆ ಇಂಥ ಆರೋಪ ಹೊರಿಸಿದವರ ಜತೆ ಬೆನ್ಸನ್ ನಂಟು ಕಡಿದುಕೊಳ್ಳಲಿಲ್ಲ. 1967ರಲ್ಲಿ ಚರ್ಚಿನ ಮಹಾಸಭೆಯಲ್ಲೇ ನಿಂತು, ಕರಿಯರ ನಾಗರಿಕ ಹಕ್ಕುಗಳ ಚಳವಳಿಯನ್ನು ಕಮ್ಯುನಿಸ್ಟರು ತಮ್ಮ ಸಾಧನವಾಗಿ ಬಳಸುತ್ತಿದ್ದಾರೆಂದು ಸಾರಿದರು. ಬಸ್ಸಿನಲ್ಲಿ ಸಮಾನ ಆಸನ, ಮತದಾನದ ಹಕ್ಕು ಕೇಳಿ ಏಟು ತಿಂದವರ ನೋವು ಆ ದೃಷ್ಟಿಗೆ ಕಾಣದೆ ಹೋಯಿತು.

ಇದಕ್ಕೆಲ್ಲ ಧರ್ಮವೊಂದೇ ಕಾರಣವೆಂದು ತೀರ್ಪು ಕೊಡುವುದು ಸುಲಭ. ಆದರೆ ಅದು ಸರಿಯಲ್ಲ. ಅದೇ ಧರ್ಮಗ್ರಂಥವನ್ನು ಓದಿದ ಹ್ಯೂ ಬ್ರೌನ್ ಎಂಬ ಹಿರಿಯ ಧರ್ಮಾಧಿಕಾರಿ 1963ರ ಮಹಾಸಭೆಯಲ್ಲಿ ಎಲ್ಲ ಜನಾಂಗಗಳಿಗೂ ಪೂರ್ಣ ನಾಗರಿಕ ಸಮಾನತೆ ಸಲ್ಲಬೇಕೆಂಬ ಹೇಳಿಕೆ ಓದಿದರು. ಮಿಷಿಗನ್ನಿನ ಗವರ್ನರ್ ಆಗಿದ್ದ ಮಾರ್ಮನ್ ನಾಯಕ ಜಾರ್ಜ್ ರಾಮ್ನಿ ಅದೇ ವರ್ಷ ಆ ಚಳವಳಿಗಾರರ ಜತೆ ಹೆಜ್ಜೆ ಹಾಕಿದರು. ಮುಂದೆ ಸೆನೆಟ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷವನ್ನು ಮುನ್ನಡೆಸಿದ ಹ್ಯಾರಿ ರೀಡ್ ಕೂಡ ಇದೇ ಚರ್ಚಿನವರು. ಬೆನ್ಸನ್‌ರ ರಾಜಕೀಯ ಚರ್ಚಿನ ನಾಯಕತ್ವಕ್ಕೂ ಮುಜುಗರ ತಂದಿತ್ತು. 1963ರ ಕೊನೆಯಲ್ಲಿ ಅವರನ್ನು ಯೂರೋಪಿನ ಹೊಣೆ ವಹಿಸಿ ಕಳುಹಿಸಿದಾಗ ಅದನ್ನು ವನವಾಸವೆಂದೇ ಹಲವರು ಬಗೆದರು. 1968ರ ಚುನಾವಣೆಯಲ್ಲಿ ವರ್ಣಭೇದದ ಪ್ರತಿಪಾದಕ ಜಾರ್ಜ್ ವ್ಯಾಲೆಸ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಜತೆಗಾರರಾಗಿ ಬಯಸಿದಾಗ ಮೆಕೇ ಅನುಮತಿ ನಿರಾಕರಿಸಿದರು.

ಬೆನ್ಸನ್‌ರ ಗೆಳೆಯರೂ ಸಮಾನಮನಸ್ಕರೂ ಆಗಿದ್ದ ಕ್ಲಿಯಾನ್ ಸ್ಕೌಸೆನ್ ಈ ವಿಚಾರಧಾರೆಗೆ ಪುಸ್ತಕರೂಪ ಕೊಟ್ಟರು. ಎಫ್‌ಬಿಐ ನೌಕರಿ, ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಮುಖ್ಯಸ್ಥಿಕೆ ಎರಡನ್ನೂ ಕಂಡ ಅವರು 1958ರಲ್ಲಿ 'ದಿ ನೇಕೆಡ್ ಕಮ್ಯುನಿಸ್ಟ್', 1981ರಲ್ಲಿ 'ದಿ 5000 ಇಯರ್ ಲೀಪ್' ಬರೆದರು. ಸಂವಿಧಾನ ದೈವಪ್ರೇರಿತ, ಅದರ ಶತ್ರುಗಳು ಗುಪ್ತರೂಪದಲ್ಲಿ ದೇಶದೊಳಗೇ ಇದ್ದಾರೆ ಎಂಬ ಭಾವ ಅವರ ಬರಹದ ಉದ್ದಕ್ಕೂ ಹರಿಯುತ್ತದೆ. ಸ್ಕೌಸೆನ್ 2006ರಲ್ಲಿ ತೀರಿಕೊಂಡರು. 1999ರಲ್ಲಿ ಮಾರ್ಮನ್ ದೀಕ್ಷೆ ಪಡೆದಿದ್ದ ಗ್ಲೆನ್ ಬೆಕ್ 2009ರಲ್ಲಿ ಎರಡನೆಯ ಪುಸ್ತಕಕ್ಕೆ ಮುನ್ನುಡಿ ಬರೆದು ಟಿ.ವಿ.ಯಲ್ಲಿ ಹಾಡಿ ಹೊಗಳಿದರು; ಮರೆತುಹೋಗಿದ್ದ ಪುಸ್ತಕ ಬಿಸಿದೋಸೆಯಂತೆ ಮಾರಾಟವಾಯಿತು. ಅದನ್ನು ಕೊಂಡವರಲ್ಲಿ ಬಹುಪಾಲು ಜನ ಮಾರ್ಮನ್ನರಲ್ಲ. ಧಾರ್ಮಿಕ ಮೂಲದ ಗುರುತು ಅಳಿಸಿ ಭಯ ಮಾತ್ರ ಉಳಿದಿತ್ತು. 2016ರಲ್ಲಿ ಒರೆಗಾನಿನ ವನ್ಯಜೀವಿ ಧಾಮವೊಂದನ್ನು ಬಂದೂಕು ಹಿಡಿದು ಆಕ್ರಮಿಸಿದವರ ಅಂಗಿಯ ಜೇಬಿನಲ್ಲಿದ್ದದ್ದು ಸ್ಕೌಸೆನ್ ಕಟ್ಟಿದ ಸಂಸ್ಥೆ ಪ್ರಕಟಿಸಿದ ಸಂವಿಧಾನದ ಕಿರುಪ್ರತಿ. ಆಕ್ರಮಣಕಾರರ ಮುಂದಾಳು ಮಾರ್ಮನ್. ಚರ್ಚು ಕೂಡಲೇ ಆ ಕೃತ್ಯವನ್ನು ಖಂಡಿಸಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ಯಾವ ಚರ್ಚಿಗೂ ಸುಲಭವಲ್ಲ.

1985ರಲ್ಲಿ, 86ನೆಯ ವಯಸ್ಸಿನಲ್ಲಿ, ಬೆನ್ಸನ್ ಚರ್ಚಿನ ಅಧ್ಯಕ್ಷರಾದಾಗ ಅನೇಕರು ಆತಂಕಗೊಂಡರು. ರಾಜಕೀಯ ಗುಡುಗನ್ನು ನಿರೀಕ್ಷಿಸಿದರು. ಹಾಗಾಗಲಿಲ್ಲ. ಸಂವಿಧಾನದ ಬಗ್ಗೆ ಮಾತನಾಡಿದ್ದು ಬಿಟ್ಟರೆ, ಮಾರ್ಮನ್ ಗ್ರಂಥವನ್ನು ದಿನವೂ ಓದಿರಿ ಎಂಬುದೇ ಅವರ ಮುಖ್ಯ ಉಪದೇಶವಾಯಿತು. 1989ರ ವಸಂತದ ಮಹಾಸಭೆಗೆ ಅವರು ಸಿದ್ಧಪಡಿಸಿದ ಪ್ರವಚನವನ್ನು, ದೇಹಸ್ಥಿತಿ ಸರಿಯಿಲ್ಲದ ಕಾರಣ, ಸಹಾಯಕರಾದ ಗಾರ್ಡನ್ ಹಿಂಕ್ಲಿ ಓದಿದರು. ಅದರ ವಿಷಯ ಅಹಂಕಾರ. ಅಹಂಕಾರದ ತಿರುಳು ಹಗೆತನ. ದೇವರ ಮೇಲಿನ ಹಗೆ, ಸಹಮಾನವರ ಮೇಲಿನ ಹಗೆ ಎಂಬುದು ಅದರ ಸಾರ. ಮಾರ್ಮನ್ನರು ಇಂದಿಗೂ ಹೆಚ್ಚಾಗಿ ನೆನೆಯುವ ಅವರ ಮಾತು ಅದೇ. ತಮ್ಮ ಅರವತ್ತರ ದಶಕದ ಭಾಷಣಗಳು ಅವರ ನೆನಪಿಗೆ ಬಂದಿದ್ದವೇ ಎಂದು ಊಹಿಸುವ ಹಕ್ಕು ನನಗಿಲ್ಲ. ಅವನ್ನು ಅವರು ಬಹಿರಂಗವಾಗಿ ತಿದ್ದಿಕೊಳ್ಳಲಿಲ್ಲ ಎಂಬುದೂ ನಿಜ.

2018ರಲ್ಲಿ ಈ ಚರ್ಚು ಭಾರತದ ತನ್ನ ಮೊದಲ ಮಂದಿರವನ್ನು ಬೆಂಗಳೂರಿನಲ್ಲಿ ಕಟ್ಟುವುದಾಗಿ ಪ್ರಕಟಿಸಿತು. ದೂರದ ಪಂಥದ ಮಾತೆಂದು ನಾವು ಇದನ್ನು ಬದಿಗಿಡುವಂತಿಲ್ಲ. ಕೆಟ್ಟ ಕಾಲ ಬರುತ್ತದೆ ಎಂದು ಎಲ್ಲ ನಾಡಿನ ಹಿರಿಯರೂ ಹೇಳಿದ್ದಾರೆ; ಹಾಗೆಂದೇ ಹಗೇವು ತೋಡಿದರು, ಕೆರೆ ಕಟ್ಟಿದರು. ಆ ಎಚ್ಚರಿಕೆ ಅನ್ನವಾಗಿರುವ ತನಕ ಅದರಿಂದ ಯಾರಿಗೂ ಕೇಡಿಲ್ಲ. ಭಿನ್ನಮತದ ನೆರೆಯವನೇ ಆ ಕೆಟ್ಟ ಕಾಲದ ಗುರುತು ಎಂದು ಬಗೆದ ಕ್ಷಣದಿಂದ ಕೇಡು ಶುರು. ಎದುರಾಳಿ ತಪ್ಪು ತಿಳಿದವನಾಗಿದ್ದರೆ ವಾದಿಸಬಹುದು. ಸೈತಾನನ ಬಂಟನಾಗಿದ್ದರೆ ವಾದಕ್ಕೆ ಎಡೆಯೆಲ್ಲಿ? ಸೋತವರು ಐದು ವರ್ಷ ಕಾದು ಮತ್ತೆ ಸ್ಪರ್ಧಿಸುವ ತಾಳ್ಮೆಯ ಮೇಲೆ ಪ್ರಜಾಪ್ರಭುತ್ವ ನಿಂತಿದೆ. ಪ್ರತಿ ಚುನಾವಣೆಯೂ ಕಡೆಯ ಯುದ್ಧವೆಂದು ನಂಬಿದವರಲ್ಲಿ ಆ ತಾಳ್ಮೆ ಉಳಿಯುವುದಿಲ್ಲ.

ಬೆನ್ಸನ್‌ರ ಜೀವನದಲ್ಲಿ ಎರಡೂ ಇವೆ. 1946ರಲ್ಲಿ ಶತ್ರುದೇಶದ ಹಸಿದವರಿಗೆ ಗೋಧಿ ಹೊತ್ತುಕೊಂಡು ಹೋದವರೂ ಅವರೇ. 1967ರಲ್ಲಿ ಸ್ವದೇಶದ ನೊಂದವರನ್ನು ಶಂಕಿಸಿದವರೂ ಅವರೇ. ನಂಬಿಕೆ ಒಂದೇ ಆಗಿತ್ತು. ಅವರು ಬಿಟ್ಟುಹೋದದ್ದರಲ್ಲಿ ಯಾವುದನ್ನು ಕೂಡಿಡಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಈಗ ಬದುಕಿರುವವರ ಹೊಣೆ.