ಗೋಲ್ ಬಿಟ್ಟ ಯಾಶಿನ್

ನಮ್ಮ ಬಾದಾಮಿ, ಬಾಗಲಕೋಟೆ ಕಡೆ ಹುಡುಗರು ಫುಟ್‌ಬಾಲ್ ಆಡೋವಾಗ ಗೋಲಿ ಯಾರಾಗಬೇಕು ಅನ್ನೋದು ಬಹುತೇಕ ಮೊದಲೇ ತೀರ್ಮಾನ ಆಗಿರುತ್ತೆ: ಓಡಲಾರದವನು, ಇಲ್ಲಾ ಎಲ್ಲರಿಗಿಂತ ಸಣ್ಣವನು. ಗರಸು ನೆಲದ ಮೇಲೆ ಡೈವ್ ಹೊಡೆದರೆ ಮೊಣಕೈ ತೊಗಲು ಕಿತ್ತು ಬರುತ್ತೆ. ಒಂದು ಗೋಲ್ ಬಿಟ್ಟನೋ, ಬೈಗುಳೆಲ್ಲ ಅವನ ಪಾಲಿಗೆ. ಅಂಥ ಹುಡುಗರಿಗೂ, ರವಿವಾರ ಅವರಿಗೆ ಆಟ ಕಲಿಸೋ ನಮ್ಮ ಸೀನಿಯರ್‌ಗಳಿಗೂ ಲೆವ್ ಯಾಶಿನ್ ಗೊತ್ತಿರಬೇಕು. ಆತ ಹಿಡಿದ ಚೆಂಡುಗಳ ಬಗ್ಗೆ ಎಲ್ಲರೂ ಬರೀತಾರೆ. ನಾವು ಬಿಟ್ಟವುಗಳ ಬಗ್ಗೆ ಬರೆಯುತ್ತಿದ್ದೇವೆ.

ಹುಟ್ಟಿದ್ದು 1929ರ ಅಕ್ಟೋಬರ್ 22ರಂದು, ಮಾಸ್ಕೋದ ಕಾರ್ಮಿಕರ ಮನೆಯಲ್ಲಿ. ಯುದ್ಧ ಬಂತು, ಓದು ನಿಂತಿತು, ಹುಡುಗ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸಕ್ಕೆ ನಿಂತ. (ಫಿಟ್ಟಿಂಗ್ ಲ್ಯಾಬ್‌ನಲ್ಲಿ ಮೂರು ತಾಸು ಫೈಲ್ ಉಜ್ಜಿ ಕೈ ಸೋತವರು ನಾವು. ನೆನಪಿರಲಿ.) ಹದಿನೆಂಟರ ಹೊತ್ತಿಗೆ ಮನಸ್ಸು ಕುಸಿದು ಕೆಲಸಕ್ಕೆ ಹೋಗೋದನ್ನೇ ಬಿಟ್ಟ. ಮುಂದೆ ಸೇನಾ ಸೇವೆಗೆ ಹೋದಾಗ ಅಲ್ಲಿ ಆತನ ಆಟ ನೋಡಿದವರು ಡೈನಮೋ ಮಾಸ್ಕೋದ ಯುವ ತಂಡಕ್ಕೆ ಕರೆದುಕೊಂಡರು.

ಮೊದಲ ತಂಡದಲ್ಲಿ ಅವಕಾಶ ಸಿಕ್ಕಿದ್ದು 1950ರಲ್ಲಿ. ಒಂದು ಸ್ನೇಹಪಂದ್ಯದಲ್ಲಿ ಎದುರಾಳಿ ಗೋಲ್‌ಕೀಪರ್ ಉದ್ದಕ್ಕೆ ಒದ್ದ ಚೆಂಡು ಗಾಳಿಗೆ ಸಿಕ್ಕು ಈ ತುದಿಗೇ ಬಂತು. ಚೆಂಡನ್ನೇ ನೋಡುತ್ತಾ ಮುಂದೆ ಓಡಿದ ಯಾಶಿನ್ ತನ್ನದೇ ಡಿಫೆಂಡರ್‌ಗೆ ಡಿಕ್ಕಿ ಹೊಡೆದ. ಚೆಂಡು ಬಲೆಯಲ್ಲಿ! ಅದೇ ವರ್ಷ ಸ್ಪಾರ್ಟಕ್ ವಿರುದ್ಧ ಲೀಗ್ ಪಂದ್ಯದಲ್ಲಿ ಮತ್ತೆ ಹಾಗೇ ಡಿಕ್ಕಿ, ಮತ್ತೆ ಗೋಲ್. ಆಮೇಲೆ 1953ರವರೆಗೆ ಮೀಸಲು ತಂಡವೇ ಗತಿ. ಆ ಬಿಡುವಿನಲ್ಲಿ ಐಸ್ ಹಾಕಿ ಗೋಲಿಯಾಗಿ ಸೋವಿಯತ್ ಕಪ್ಪನ್ನೂ ಗೆದ್ದ ಅನ್ನೋದು ಬೇರೆ ಮಾತು.

ಆ ಎರಡೂ ಗೋಲು ನಮ್ಮ ಲೆಕ್ಕದಲ್ಲಿ ಕೈಯ ತಪ್ಪಲ್ಲ, ಬಾಯಿಯ ತಪ್ಪು. ಚೆಂಡು ತನ್ನದು ಅಂತ ಗೋಲಿ ಕೂಗಿದರೆ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತಾನೆ. ಮುಂದೆ ಯಾಶಿನ್ ಹೆಸರಾದದ್ದೇ ಇದಕ್ಕೆ: ಗೆರೆ ಬಿಟ್ಟು ಹೊರಗೆ ಬರೋದು, ಪಂದ್ಯಪೂರ್ತಿ ಕೂಗಿ ಕೂಗಿ ಡಿಫೆಂಡರ್‌ಗಳನ್ನ ನಿಲ್ಲಿಸೋದು, ಹಿಡಿಯಲಾಗದ ಚೆಂಡನ್ನು ಮುಷ್ಟಿಯಿಂದ ಗುದ್ದೋದು, ಹಿಡಿದದ್ದನ್ನು ತಕ್ಷಣ ಎಸೆದು ದಾಳಿ ಶುರು ಮಾಡೋದು. ನಮ್ಮ ಹುಡುಗರಿಗೆ ಡೈವ್ ಕಲಿಸೋಕೆ ಮೊದಲು ಕೂಗೋದು ಕಲಿಸಬೇಕು. ಅದಕ್ಕೆ ಹುಲ್ಲಿನ ಮೈದಾನವೂ ಬೇಡ, ಗ್ಲೌಸೂ ಬೇಡ.

1956ರ ಮೆಲ್ಬರ್ನ್ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ನಮ್ಮ ಭಾರತಕ್ಕೆ ನಾಲ್ಕು ಗೋಲು ಹೊಡೆಯಿತು. ಫೈನಲ್‌ನಲ್ಲಿ ಅದೇ ತಂಡಕ್ಕೆ ಯಾಶಿನ್ ಒಂದನ್ನೂ ಕೊಡಲಿಲ್ಲ, ಸೋವಿಯತ್‌ಗೆ ಚಿನ್ನ. 1960ರಲ್ಲಿ ಯುರೋಪಿನ ಕಪ್ಪೂ ಬಂತು.

ಆಮೇಲೆ 1962, ಚಿಲಿಯ ವಿಶ್ವಕಪ್. ಕೊಲಂಬಿಯಾ ವಿರುದ್ಧ 4–1ರಿಂದ ಮುಂದಿದ್ದ ಪಂದ್ಯ 4–4 ಆಯಿತು. ಅದರಲ್ಲೊಂದು ಮಾರ್ಕೋಸ್ ಕೊಲ್ ಕಾರ್ನರ್‌ನಿಂದ ನೇರವಾಗಿ ಹೊಡೆದದ್ದು. ಪುರುಷರ ವಿಶ್ವಕಪ್‌ನಲ್ಲಿ ಅಂಥ ಗೋಲು ಇವತ್ತಿಗೂ ಅದೊಂದೇ. ಹತ್ತಿರದ ಕಂಬದ ಬಳಿ ಡಿಫೆಂಡರ್ ಇದ್ದ, ಆತನೂ ಚೆಂಡನ್ನು ಬಿಟ್ಟ. ಕ್ವಾರ್ಟರ್‌ಫೈನಲ್‌ನಲ್ಲಿ ಚಿಲಿ ಒಂದು ಫ್ರೀಕಿಕ್, ಒಂದು ದೂರದ ಹೊಡೆತದಿಂದ 2–1 ಗೆದ್ದಿತು. ಸೋವಿಯತ್ ದೇಶದಲ್ಲಿ ಟಿವಿಯಲ್ಲಿ ಆ ಪಂದ್ಯ ನೋಡಿದವರಿಲ್ಲ. ಪತ್ರಿಕೆ ಓದಿದ ಜನ ಸೋಲನ್ನೆಲ್ಲ ಆತನ ತಲೆಗೆ ಕಟ್ಟಿದರು. ಮೈದಾನದಲ್ಲಿ ಸೀಟಿ, ಮನೆಯ ಕಿಟಕಿ ಗಾಜು ಪುಡಿ. ಮೂವತ್ತೆರಡರ ಯಾಶಿನ್ ಆಟ ಬಿಡೋ ಯೋಚನೆಯಲ್ಲಿದ್ದ, ಊರಾಚೆ ಹೋಗಿ ಮೀನು ಹಿಡಿಯುತ್ತಾ ಕೂತ. ಡೈನಮೋ ಅವಸರ ಮಾಡಲಿಲ್ಲ, ನಿಧಾನಕ್ಕೆ ಮರಳಿ ಆಡಿಸಿತು. ಈ ನಿಧಾನವೇ ನಮಗೆ ಇಡೀ ಕಥೆಯಲ್ಲಿ ಹೆಚ್ಚು ಹಿಡಿಸಿದ್ದು. ನಮ್ಮಲ್ಲಾದರೆ ಮುಂದಿನ ಪಂದ್ಯಕ್ಕೆ ಬೇರೆ ಹುಡುಗ ನಿಂತಿರುತ್ತಾನೆ.

1963ರಲ್ಲಿ ಡೈನಮೋ ಲೀಗ್ ಗೆದ್ದಿತು. ಯಾಶಿನ್ ಆಡಿದ 27 ಪಂದ್ಯಗಳಲ್ಲಿ ಬಿಟ್ಟದ್ದು ಆರೇ ಗೋಲು. ಅಕ್ಟೋಬರ್ 23ರಂದು ವೆಂಬ್ಲಿಯಲ್ಲಿ ಇಂಗ್ಲೆಂಡ್ ವಿರುದ್ಧ ವಿಶ್ವ ತಂಡದ ಪರ ಮೊದಲರ್ಧ ನಿಂತ. ಆ ಅರ್ಧದಲ್ಲಿ ಒಂದೂ ಗೋಲಿಲ್ಲ. ಆ ವರ್ಷದ ಬ್ಯಾಲನ್ ಡಿ'ಓರ್ ಆತನಿಗೆ ಬಂತು. ಆಮೇಲೆ ಯಾವ ಗೋಲ್‌ಕೀಪರ್‌ಗೂ ಅದು ಸಿಕ್ಕಿಲ್ಲ.

1971ರಲ್ಲಿ ಮಾಸ್ಕೋದ ತುಂಬಿದ ಲೆನಿನ್ ಕ್ರೀಡಾಂಗಣದಲ್ಲಿ ವಿದಾಯದ ಪಂದ್ಯ ಆಡಿದ. ಮುಂದೆ ಒಂದು ಕಾಲು ತೆಗೆಯಬೇಕಾಯಿತು. 1990ರ ಮಾರ್ಚ್ 20ರಂದು, ಅರವತ್ತರ ವಯಸ್ಸಿಗೆ ತೀರಿಕೊಂಡ. ವರ್ಷದ ಅತ್ಯುತ್ತಮ ಗೋಲ್‌ಕೀಪರ್‌ಗೆ 2019ರಿಂದ ಕೊಡುತ್ತಿರುವ ಪ್ರಶಸ್ತಿಗೆ ಯಾಶಿನ್ ಹೆಸರೇ ಇದೆ.