ಸೆರೆಯೇ ಸೇವೆಯ ನೆಲೆಯಾಯಿತು

ಎಷ್ಟು ಪ್ರಾರ್ಥಿಸಿದರೂ ದಾರಿ ಮುಚ್ಚಿದೆಯೆಂದು ನೊಂದಿದ್ದೀರಾ? ಸಂತ ಜೋಸೆಫ್ ವಾಜ್‌ರನ್ನು ನೆನೆಯಿರಿ. 1651ರಲ್ಲಿ ಗೋವಾದಲ್ಲಿ ಹುಟ್ಟಿ, 1681ರಿಂದ ನಮ್ಮ ಕೆನರಾದಲ್ಲಿ ಸೇವೆಗೈದ ಈ ಗುರುಗಳು 1687ರಲ್ಲಿ ಕೂಲಿಯಾಳಿನ ವೇಷದಲ್ಲಿ ಶ್ರೀಲಂಕೆಗೆ ಹೋದರು. ಕರಾವಳಿಯನ್ನಾಳುತ್ತಿದ್ದ ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. 1692ರಲ್ಲಿ ಒಳನಾಡಿನ ಕ್ಯಾಂಡಿ ತಲುಪಿದರೆ, ಪೋರ್ಚುಗೀಸರ ಗೂಢಚಾರರೆಂದು ಶಂಕಿಸಿ ಸೆರೆಯಲ್ಲಿಟ್ಟರು. ಅಲ್ಲೇ ಅವರು ಸಿಂಹಳ ಕಲಿತರು. ಗುಡಿಸಲಿನ ದೇವಾಲಯ ಕಟ್ಟಿ ಬಲಿಪೂಜೆ ಅರ್ಪಿಸಿದರು. ಡಚ್ಚರ ಕೈಗೆಟುಕದ ಆ ಊರೇ ಅವರ ಸೇವೆಯ ನೆಲೆಯಾಯಿತು. 1697ರಲ್ಲಿ ಸಿಡುಬು ಹಬ್ಬಿದಾಗ ಮತಭೇದವಿಲ್ಲದೆ ರೋಗಿಗಳನ್ನು ಉಪಚರಿಸಿದರು. 1711ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು, 2015ರಲ್ಲಿ ಸಂತಪದವಿಗೇರಿದರು. ಮುಚ್ಚಿದ ಬಾಗಿಲ ಹಿಂದೆಯೂ ದೇವರ ಯೋಜನೆ ಸಾಗುತ್ತಿರುತ್ತದೆ. ಇಂದು ನಿಮ್ಮ ಕೈಲಾಗುವ ಚಿಕ್ಕ ಕೆಲಸ ಮಾಡಿ. ಉಳಿದದ್ದನ್ನು ಆತನಿಗೆ ಬಿಡಿ.