ನಡೆಯೇ ವ್ರತವಾದ ಬಾಳು
(ಆಚಾರ್ಯ ಶ್ರೀ ೧೦೮ ಶಾಂತಿಸಾಗರ ಮಹಾರಾಜರ ಚರಿತ್ರೆ)

ಮುನಿಸಂಘವು ಊರಿಗೆ ಬರುವ ಸುದ್ದಿ ತಿಳಿದೊಡನೆ ಬಾಗಿಲಿಗೆ ರಂಗವಲ್ಲಿ ಹಾಕಿ, ಕಲಶ ಹಿಡಿದು ಎದುರುಗೊಳ್ಳುವುದು ನಮ್ಮ ಮನೆಗಳಲ್ಲಿ ವಾಡಿಕೆ. ಇಂದು ಸಹಜವೆನಿಸುವ ಈ ದೃಶ್ಯವು ನೂರು ವರ್ಷಗಳ ಹಿಂದೆ ಅತ್ಯಂತ ವಿರಳವಾಗಿತ್ತು. ಉತ್ತರದ ಎಷ್ಟೋ ಊರುಗಳಲ್ಲಿ ದಿಗಂಬರ ಮುನಿಯನ್ನು ಕಣ್ಣಾರೆ ಕಂಡವರೇ ಇರಲಿಲ್ಲ. ಮುಚ್ಚಿಹೋಗಿದ್ದ ಆ ವಿಹಾರಮಾರ್ಗವನ್ನು ತಮ್ಮ ಬರಿಗಾಲುಗಳಿಂದಲೇ ಮತ್ತೆ ತೆರೆದ ಮಹಾತ್ಮರು ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು.

ಬೆಳಗಾವಿ ಜಿಲ್ಲೆಯಲ್ಲಿ ದೂಧಗಂಗಾ ಮತ್ತು ವೇದಗಂಗಾ ನದಿಗಳ ಸಂಗಮದ ಬಳಿಯಿರುವ ಭೋಜ ಗ್ರಾಮದ ಪಾಟೀಲ ಮನೆತನ ಅವರದು. ತಂದೆ ಭೀಮಗೌಡರು, ತಾಯಿ ಸತ್ಯವತಿ. ೧೮೭೨ರಲ್ಲಿ ತಾಯಿಯ ತವರಾದ ಯಳಗುಳದಲ್ಲಿ ಜನಿಸಿದ ಶಿಶುವಿಗೆ ಸಾತಗೌಡನೆಂದು ಹೆಸರಿಟ್ಟರು. ಅಂದಿನ ರೂಢಿಯಂತೆ ಒಂಬತ್ತನೆಯ ವಯಸ್ಸಿನಲ್ಲಿಯೇ ವಿವಾಹವಾಯಿತು. ಕೆಲವೇ ತಿಂಗಳುಗಳಲ್ಲಿ ಆ ಬಾಲಿಕೆ ತೀರಿಕೊಂಡಳು. ಮರುವಿವಾಹಕ್ಕೆ ಸಾತಗೌಡರು ಒಪ್ಪಲಿಲ್ಲ.

ಹದಿನೆಂಟರ ಹೊತ್ತಿಗೇ ಅವರ ಅಂತರಂಗದಲ್ಲಿ ದೀಕ್ಷೆಯ ಪ್ರೇರಣೆ ಮೂಡಿತ್ತು. ಆದರೆ ತಾವು ಬದುಕಿರುವತನಕ ಮನೆಯಲ್ಲಿಯೇ ಇರಬೇಕೆಂದು ತಂದೆ ಕೇಳಿಕೊಂಡಾಗ ಮಗನು ತಲೆಬಾಗಿದನು. ಒಳಗಿನ ದನಿಯನ್ನು ಅವರು ಅಲ್ಲಗಳೆಯಲಿಲ್ಲ. ಅದಕ್ಕಾಗಿ ಹೆತ್ತವರನ್ನು ನೋಯಿಸಲೂ ಇಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕು ಕಾದರು. ಈ ಕಾಯುವಿಕೆಯು ವ್ಯರ್ಥವಾಗಲಿಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ ಸಮ್ಮೇದಶಿಖರಜಿಯ ವಂದನೆಗೆ ಹೋದಾಗ, ಬೆಟ್ಟವೇರಲಾರದೆ ಕುಳಿತಿದ್ದ ವೃದ್ಧೆಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ವಂದನೆ ಮಾಡಿಸಿದರೆಂದು ಚರಿತ್ರಕಾರರು ಬರೆದಿದ್ದಾರೆ. ಆ ಯಾತ್ರೆಯ ನೆನಪಿಗಾಗಿ ತುಪ್ಪವನ್ನೂ ಎಣ್ಣೆಯನ್ನೂ ತ್ಯಜಿಸಿ, ದಿನಕ್ಕೊಂದೇ ಹೊತ್ತು ಉಣ್ಣುವ ನಿಯಮವನ್ನು ಹಿಡಿದು ಊರಿಗೆ ಮರಳಿದರು.

ತಂದೆತಾಯಿಗಳ ಕಾಲಾನಂತರ, ನಲವತ್ತು ದಾಟಿದ ಮೇಲೆ, ಉತ್ತೂರಿನಲ್ಲಿ ದೇವಪ್ಪ ಸ್ವಾಮಿಗಳೆಂದು ಪ್ರಸಿದ್ಧರಾದ ದೇವೇಂದ್ರಕೀರ್ತಿ ಮುನಿಗಳಿಂದ ಕ್ಷುಲ್ಲಕ ದೀಕ್ಷೆ ಪಡೆದರು. ತ್ಯಾಗಿಗಳ ಆಹಾರವು ಇಂಥ ಮನೆಯಲ್ಲೇ ಎಂದು ಮೊದಲೇ ಗೊತ್ತುಮಾಡುವ ಪದ್ಧತಿ ಆಗ ಈ ಕಡೆ ಬೆಳೆದಿತ್ತು. ಇದು ಸರಿಯಲ್ಲವೆಂದು ಅವರ ಮನಸ್ಸು ಹೇಳಿತು. ಶಾಸ್ತ್ರಗಳನ್ನು ತೆರೆದು ನೋಡಿದರು. ಆಗಮವೂ ಅದನ್ನೇ ಹೇಳಿತು. ಅಂದಿನಿಂದ ಗೊತ್ತುಮಾಡಿದ ಮನೆಯ ಆಹಾರವನ್ನು ಒಲ್ಲೆನೆಂದರು. ಪಡಿಗಾಹಿಸುವ ಕ್ರಮವನ್ನು ಶ್ರಾವಕರು ಮರೆತಿದ್ದುದರಿಂದ ಆರಂಭದಲ್ಲಿ ಉಪವಾಸವಾದ ದಿನಗಳೂ ಉಂಟು. ಅವರು ಹಿಂಜರಿಯಲಿಲ್ಲ. ಕ್ರಮೇಣ ಶ್ರಾವಕರೇ ವಿಧಿಯನ್ನು ಕಲಿತುಕೊಂಡರು.

ಮುಂದೆ ಗಿರನಾರ ಯಾತ್ರೆಯಲ್ಲಿ ಭಗವಾನ್ ನೇಮಿನಾಥರ ಸನ್ನಿಧಿಯಲ್ಲಿ ತಾವಾಗಿಯೇ ಐಲಕ ವ್ರತವನ್ನು ಸ್ವೀಕರಿಸಿದರು. ಹೋಗುವಾಗ ರೈಲಿನಲ್ಲಿ ಹೋದವರು ಹಿಂದಿರುಗುವ ಹಾದಿಯಲ್ಲಿ ವಾಹನವನ್ನು ಯಾವಜ್ಜೀವ ತ್ಯಜಿಸಿದರು. ಅಲ್ಲಿಂದಾಚೆಗೆ ಅವರ ಬಾಳೆಲ್ಲವೂ ಕಾಲ್ನಡಿಗೆ. ೧೯೨೦ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ಮುನಿದೀಕ್ಷೆ, ೧೯೨೪ರಲ್ಲಿ ಸಮಡೋಳಿಯಲ್ಲಿ ಆಚಾರ್ಯಪದ.

೧೯೨೭ರಲ್ಲಿ ಮುಂಬಯಿಯ ಶ್ರಾವಕರು ಶಿಖರಜಿಯವರೆಗೆ ಸಂಘವನ್ನು ನಡೆಸುವ ಹೊಣೆ ಹೊತ್ತು ಪ್ರಾರ್ಥಿಸಿದಾಗ ಮಹಾರಾಜರಿಗೆ ಐವತ್ತೈದು ವಯಸ್ಸು. ಕುಂಭೋಜ ಬಾಹುಬಲಿಯಿಂದ ಹೊರಟು, ನಿಜಾಮರ ಸೀಮೆಯನ್ನು ಹಾಯ್ದು, ನಾಗಪುರದ ಮಾರ್ಗವಾಗಿ ನಡೆದ ಸಂಘವು ೧೯೨೮ರ ಫಾಲ್ಗುಣ ಮಾಸದಲ್ಲಿ ಶಿಖರಜಿಯನ್ನು ಮುಟ್ಟಿತು. ಸಂಗಡ ನೂರಾರು ಶ್ರಾವಕರು, ಅವರ ಗಾಡಿಗಳು, ಸಾಮಗ್ರಿಗಳು. ಮಹಾರಾಜರ ಬಳಿ ಮಾತ್ರ ಪಿಂಛಿ, ಕಮಂಡಲು. ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಇರುವೆಗೂ ನೋವಾಗದಂತೆ ಅಡಿಯಿಡುವ ಈರ್ಯಾಸಮಿತಿಯೇ ಅವರ ನಡಿಗೆಯ ಜೀವಾಳ. ದೂರವನ್ನು ಬೇಗ ಮುಗಿಸಬೇಕೆಂಬ ಆತುರಕ್ಕೆ ಅಲ್ಲಿ ಎಡೆಯಿಲ್ಲ. ದಿನಕ್ಕೆ ಸಾವಿರಾರು ಸಲ ಹೀಗೆ ಎಚ್ಚರದಿಂದ ಪಾದ ಊರುವವನಿಗೆ ನಡಿಗೆಯೇ ಧ್ಯಾನವಾಗುತ್ತದೆ.

ಶಿಖರಜಿಯಿಂದ ಅವರು ಕೂಡಲೇ ದಕ್ಷಿಣಕ್ಕೆ ಮರಳಲಿಲ್ಲ. ೧೯೨೮ರಲ್ಲಿ ಕಟನಿ, ೧೯೨೯ರಲ್ಲಿ ಲಲಿತಪುರ, ೧೯೩೦ರಲ್ಲಿ ಮಥುರಾ, ೧೯೩೧ರಲ್ಲಿ ದೆಹಲಿ, ೧೯೩೨ರಲ್ಲಿ ಜಯಪುರ, ೧೯೩೩ರಲ್ಲಿ ಬ್ಯಾವರ: ಹೀಗೆ ವರ್ಷಕ್ಕೊಂದೂರಿನಲ್ಲಿ ಚಾತುರ್ಮಾಸವಾಯಿತು. ದೆಹಲಿಯ ಪ್ರಮುಖ ಕಟ್ಟಡಗಳ ಮುಂದೆ ತಮ್ಮ ಛಾಯಾಚಿತ್ರ ತೆಗೆಯಲು ಅವರು ಅನುಮತಿಸಿದರು. ದೇಹದ ಮೋಹವನ್ನೇ ಬಿಟ್ಟವರಿಗೆ ಚಿತ್ರದ ಹಂಬಲವೆಲ್ಲಿಯದು? ದಿಗಂಬರ ಮುನಿಯು ರಾಜಧಾನಿಯಲ್ಲಿಯೂ ನಿರಾತಂಕವಾಗಿ ವಿಹರಿಸಿದನೆಂಬುದಕ್ಕೆ ಮುಂದಿನವರಿಗೊಂದು ಸಾಕ್ಷಿ ಇರಲೆಂಬುದೇ ಅವರ ಉದ್ದೇಶವಾಗಿತ್ತು. ಮುನಿಜೀವನದ ೩೫ ವರ್ಷಗಳಲ್ಲಿ ಅವರು ಆಚರಿಸಿದ ಉಪವಾಸಗಳನ್ನು ಸಮಾಜವು ೯೯೩೮ ಎಂದು ಲೆಕ್ಕವಿಟ್ಟಿದೆ. ನಡೆದ ದಾರಿಯ ಬಹುಭಾಗವು ಬರಿಹೊಟ್ಟೆಯಲ್ಲಿಯೇ ಸಾಗಿತೆಂದಾಯಿತು.

ಎಂಬತ್ತು ದಾಟಿದ ಮೇಲೆ ಮಹಾರಾಜರ ಕಣ್ಣುಗಳ ಬೆಳಕು ಕುಂದಿತು. ಕಾಲುಗಳಿಗೆ ಶಕ್ತಿಯಿತ್ತು, ಕಣ್ಣಿಗೆ ನೆಲ ಕಾಣದು. ಇತರರ ಕೈಹಿಡಿದು ನಡೆಯಬಹುದಿತ್ತು, ಒಂದೆಡೆ ನೆಲೆಸಿ ಭಕ್ತರ ಸೇವೆಯನ್ನು ಸ್ವೀಕರಿಸಬಹುದಿತ್ತು. ಆದರೆ ಪಾದದಡಿಯ ಜೀವವನ್ನು ಕಾಣಲಾರದೆ ಇಡುವ ಹೆಜ್ಜೆ ಮುನಿಯ ಹೆಜ್ಜೆಯಲ್ಲವೆಂದು ಅವರ ಅಂತರಾತ್ಮವು ನುಡಿಯಿತು. ಅಲ್ಲಿಯೂ ಆಗಮವು ಆ ನುಡಿಗೆ ಒಪ್ಪಿಗೆಯಿತ್ತಿತು. ಕುಲಭೂಷಣ-ದೇಶಭೂಷಣ ಮುನಿಗಳ ನಿರ್ವಾಣಭೂಮಿಯಾದ ಕುಂಥಲಗಿರಿಯಲ್ಲಿ ೧೯೫೫ರ ಆಗಸ್ಟ್ ೧೪ರಂದು ಸಲ್ಲೇಖನಾ ವ್ರತವನ್ನು ಆರಂಭಿಸಿದರು. ಜಯಪುರದಲ್ಲಿದ್ದ ಶಿಷ್ಯರಾದ ವೀರಸಾಗರ ಮುನಿಗಳಿಗೆ ಆಚಾರ್ಯಪದವನ್ನು ಒಪ್ಪಿಸಿ ನಿಶ್ಚಿಂತರಾದರು. ಸೆಪ್ಟೆಂಬರ್ ೮ರಂದು ನೀಡಿದ ಕೊನೆಯ ಉಪದೇಶದಲ್ಲಿ, ಸಂಯಮವನ್ನು ಧರಿಸಲು ಯಾರೂ ಅಂಜಬಾರದೆಂದೂ, ದಿನದಲ್ಲಿ ಸ್ವಲ್ಪ ಹೊತ್ತಾದರೂ ಆತ್ಮಚಿಂತನೆಗೆ ಮೀಸಲಿಡಬೇಕೆಂದೂ ತಿಳಿಸಿದರು. ೩೬ನೆಯ ದಿನ, ಸೆಪ್ಟೆಂಬರ್ ೧೮ರ ಬೆಳಿಗ್ಗೆ, ಸಮಾಧಿಮರಣವನ್ನು ಹೊಂದಿದರು.

ಗೃಹಸ್ಥರಾದ ನಮಗೆ ಇದರಿಂದ ಗ್ರಹಿಸಬೇಕಾದುದೇನು? ಮನಸ್ಸಿಗೆ ತೋಚಿದುದೆಲ್ಲವೂ ಅಂತರಾತ್ಮದ ದನಿಯಲ್ಲ. ನಾಲಿಗೆಯ ಆಸೆಯೂ ಮೈಯ ಆಲಸ್ಯವೂ ಅದೇ ದನಿಯಲ್ಲಿ ಮಾತನಾಡಬಲ್ಲವು. ಮಹಾರಾಜರು ಒಳಗಿನ ಪ್ರೇರಣೆಯನ್ನು ಶಾಸ್ತ್ರದೊಂದಿಗೆ ಹೋಲಿಸಿ ನೋಡಿದರು, ಸಮಯವನ್ನು ಕಾದರು, ಬಳಿಕ ವ್ರತದಿಂದ ಅದನ್ನು ಬಿಗಿದು ನಡೆದೇ ತೋರಿಸಿದರು. ಮುಂದಿನ ಅಷ್ಟಮಿಗೋ ಚತುರ್ದಶಿಗೋ ಏಕಾಶನ ಮಾಡಬೇಕೆಂದು ಎಂದಾದರೂ ಮನದಲ್ಲಿ ಮೂಡಿದ್ದರೆ, ಅದನ್ನು ನಾಳೆಗೆ ತಳ್ಳದೆ ಒಂದು ನಿಯಮವಾಗಿ ಹಿಡಿಯೋಣ. ಆ ದಿನ ಬಸದಿಗೆ ವಾಹನವಿಲ್ಲದೆ, ನೆಲವನ್ನು ನೋಡುತ್ತ ನಡೆದುಹೋಗೋಣ. ಮಹಾರಾಜರ ದೀರ್ಘವಿಹಾರವೂ ಆರಂಭವಾದದ್ದು ಒಂದು ಸಣ್ಣ ನಿಯಮದಿಂದಲೇ.